ಎರಡು ನರ

ಹಾಲ್ಕುರಿಕೆ ಸುತ್ತಿನ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವುದಾದರೆ ದುರ್ಗಯ್ಯನೇ ಬರಬೇಕು ಅನ್ನುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿ ಕುಕ್ಕಿ ಮಣಿಕಟ್ಟು ತಿರುಗಿಸಿದನೆಂದರೆ, ಮಟ್ಟೆ ಅಂಗಿ ಕಳಚಿದ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಮುಂಗೈ ಮೇಲೆ ನರಗಳು ನಾರಿನ ಹಗ್ಗದಂತೆ ಎದ್ದು ನಿಲ್ಲುತ್ತಿದ್ದವು. "ನನ್ನ ಆಸ್ತಿ ಇಷ್ಟೇ ಕಣ್ಲಾ," ಎಂದು ಜೊತೆಯವರಿಗೆ ಅದನ್ನೇ ತೋರಿಸುತ್ತಿದ್ದ.

ಹೊಸ ಶತಮಾನ ಬಂತೆಂದು ತಿಪಟೂರಿನಲ್ಲಿ ಪಟಾಕಿ ಹೊಡೆದ ಚಳಿಗಾಲ ಅದು. ಕಾಯಿ ಎತ್ತುವಾಗಲೆಲ್ಲ ಅವನ ಎದೆ ಹಿಂಡತೊಡಗಿತು. ಹೆಂಡತಿ ರಂಗಮ್ಮ ಗೋಗರೆದು ಡಾಕ್ಟರ್ ಅನುಪಮಾ ಹತ್ತಿರ ಕರೆದುಕೊಂಡು ಹೋದಳು.

ಆಕೆ ಪರೀಕ್ಷೆ ಮಾಡಿ ನಿಧಾನವಾಗಿ ಬಿಡಿಸಿ ಹೇಳಿದರು. ಚಳಿಯಾದರೆ, ಸಿಟ್ಟು ಬಂದರೆ ಮೆದುಳಿನಿಂದ ಅಪ್ಪಣೆ ಬರುತ್ತದೆ, ನರ ಬಿಗಿದುಕೊಳ್ಳುತ್ತದೆ. ಅದನ್ನು ಸಡಿಲಿಸಲು ನರದ ಒಳಮೈಯೇ ನೈಟ್ರಿಕ್ ಆಕ್ಸೈಡ್ ಎಂಬ ಗ್ಯಾಸ್ ಬಿಡುತ್ತದೆ. ಬೀಡಿ ಸೇದಿ ಸೇದಿ ದುರ್ಗಯ್ಯನ ಒಳಮೈ ಕೆಟ್ಟಿತ್ತು, ಗ್ಯಾಸ್ ಸಾಲುತ್ತಿರಲಿಲ್ಲ. ಹೊಟ್ಟೆಯೊಳಗಿನ ಗ್ಯಾಸಾ ಎಂದು ರಂಗಮ್ಮ ಕೇಳಿದ್ದಕ್ಕೆ ಡಾಕ್ಟರಿಗೆ ನಗು ಬಂತು. ಅದಲ್ಲವೆಂದರು. ನೋವು ಬಂದಾಗ ಕೂತುಕೊಂಡು ಈ ಮಾತ್ರೆ ನಾಲಿಗೆ ಅಡಿ ಇಟ್ಟರೆ ಅದೇ ಗ್ಯಾಸ್ ಮೈಗೆ ಸಿಗುತ್ತದೆ ಎಂದರು. "ನರ ಸಡಿಲ ಆಗುತ್ತೆ, ಹೆದರಬೇಡಿ."

ದುರ್ಗಯ್ಯನ ಕಿವಿಯಲ್ಲಿ ಉಳಿದದ್ದು ನರ ಸಡಿಲ ಎಂಬ ಮಾತೊಂದೇ.

ಮಾರನೆಯ ದಿನ ಗೂಟದ ಹತ್ತಿರ ಎದೆ ಹಿಡಿಯಿತು. ಮಾತ್ರೆಯನ್ನು ನಾಲಿಗೆ ಅಡಿ ಇಟ್ಟ. ನೋವೇನೋ ಇಳಿಯಿತು, ಆದರೆ ನಿಂತೇ ಇದ್ದವನಿಗೆ ತಲೆ ಗಿರ್ರೆಂದು ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಮುಂದೆ ಅವನು ಮಾತ್ರೆ ಮುಟ್ಟಲಿಲ್ಲ. ರಂಗಮ್ಮ ಬೇಡಿದರೂ ಕಾಡಿದರೂ ಒಂದೇ ಮಾತು: "ಎದೆ ನೋವ್ನ ತಡ್ಕತೀನಿ ಕಣೇ. ಕೈ ನರ ಸಡ್ಲ ಆದ್ರೆ ನನ್ನ ಯಾರು ಕರೀತಾರೆ?"

ಅವಳು ಒಬ್ಬಳೇ ಮತ್ತೆ ಡಾಕ್ಟರ ಬಳಿ ಹೋದಳು. ಕೇಳಿ ಅನುಪಮಾ ಹಣೆ ಒತ್ತಿಕೊಂಡರು. ನಾನು ಹೇಳಿದ್ದು ರಕ್ತ ಹರಿಯುವ ಕೊಳವೆಗೆ. ನಿಮಗೆ ತಿಳಿಯಲೆಂದು ನಿಮ್ಮ ಮಾತಿನಲ್ಲೇ ನರ ಅಂದೆ. ಕೈಗೆ ಕಸುವು ಕೊಡುವ ನರವೇ ಬೇರೆ, ಅದಕ್ಕೇನೂ ಆಗುವುದಿಲ್ಲ ಎಂದರು.

ರಂಗಮ್ಮ ಬಸ್ಸಿಳಿದವಳೇ ತೋಟಕ್ಕೆ ಓಡಿದಳು. ದುರ್ಗಯ್ಯ ಕಾಯಿ ಕುಕ್ಕುವುದನ್ನು ನಿಲ್ಲಿಸದೆಯೇ ಕೇಳಿಸಿಕೊಂಡ.

"ನರದಾಗೂ ಎರಡು ಜಾತಿ ಮಾಡವ್ರಾ?" ಎಂದು ನಕ್ಕ. ಅವಳು ನಗಲಿಲ್ಲ. ಅವಳ ಮುಖ ನೋಡಿ ಮೆತ್ತಗಾದ. "ಆಯ್ತು ಬುಡು. ಈ ರಾಶಿ ಮುಗೀಲಿ, ತಲೆ ತಿರುಗಿದ್ರೆ ಕೆಲ್ಸ ಕೆಡ್ತದೆ. ನಾಳೆಯಿಂದ ಇಟ್ಕತೀನಿ."

ಮಾರನೆಯ ಬೆಳಿಗ್ಗೆ ಮಂಜು ಕವಿದಿತ್ತು. ಹಿತ್ತಲಿನಲ್ಲಿ ತಣ್ಣೀರಿಗೆ ಮುಖ ಒಡ್ಡಿದವನು ಅಲ್ಲೇ ಕುಸಿದ. ರಂಗಮ್ಮ ಮಾತ್ರೆ ತಂದಾಗ ಅವನು ಬೇಡವೆನ್ನಲಿಲ್ಲ, ತಾನೇ ಬಾಯಿ ತೆರೆದು ನಾಲಿಗೆ ಎತ್ತಿದ. ಬಲಗೈಯಲ್ಲಿ ಅವಳ ಮುಂಗೈ ಹಿಡಿದುಕೊಂಡಿದ್ದ. ಮಾತ್ರೆ ಕರಗುವಷ್ಟು ಹೊತ್ತೂ ಅವನು ಉಳಿಯಲಿಲ್ಲ.

ಅಕ್ಕಪಕ್ಕದವರು ಬಂದು ಅವಳ ಕೈ ಬಿಡಿಸಲು ನೋಡಿದರೆ, ಅವನ ಬೆರಳುಗಳನ್ನು ಒಂದೊಂದಾಗಿ ಕೀಳಬೇಕಾಯಿತು. ಬಳೆ ಒಡೆದು ಮಣಿಕಟ್ಟಿನಲ್ಲಿ ರಕ್ತ ಬಂದಿತ್ತು. ಆ ಹಿಡಿತ ಒಂದಿಷ್ಟೂ ಸಡಿಲವಾಗಿರಲಿಲ್ಲ.