ಮೊದಲ ಬಸ್ಸಿನ ಪುಟ್ಟಮಾದಪ್ಪ

ಬೆಳಿಗ್ಗೆ ಆರರ ಬಸ್ಸಿಗೆ ಹೊರಡುವವನು ಚೀಲದಲ್ಲಿ ಟಾರ್ಚು ಇಟ್ಟುಕೊಳ್ಳುತ್ತಾನೆಯೇ? ನಮ್ಮ ಪಕ್ಕದ ಮನೆಯ ಪುಟ್ಟಮಾದಪ್ಪ ಇಟ್ಟುಕೊಳ್ಳುತ್ತಿದ್ದ. ಗುಂಡ್ಲುಪೇಟೆಯಿಂದ ಗೂಡಲೂರಿನ ತಂಗಿ ಮನೆಗೆ ಎರಡು ಗಂಟೆಯ ದಾರಿ. ಮೂರು ದಿನ ಮೊದಲೇ ಚೀಲ ಗೂಟದಲ್ಲಿ ನೇತಾಡುತ್ತಿತ್ತು.

"ಕಾಡ್ನಾಗೆ ಬಸ್ಸು ಕೆಟ್ಬುಟ್ರೆ? ಗೇಟು ಆಕ್ಬುಟ್ರೆ?" ಎನ್ನುತ್ತಿದ್ದ. ಬಂಡೀಪುರದ ಗೇಟು ಮುಚ್ಚುವುದು ರಾತ್ರಿ ಒಂಬತ್ತಕ್ಕೆ.

ತಂಗಿಯ ಮನೆಯಲ್ಲಿ ಅವ್ವ ಸಾಯುತ್ತಿದ್ದಾಗ ಈತ ಐದು ನಿಮಿಷ ತಡವಾಗಿ ಆ ಗೇಟಿನ ಮುಂದೆ ನಿಂತಿದ್ದನಂತೆ. ಬೆಳಿಗ್ಗೆ ಹೋಗುವಷ್ಟರಲ್ಲಿ ಅವ್ವ ಇರಲಿಲ್ಲ. ದುಃಖ, ಒಪ್ಪುತ್ತೇನೆ. ಆದರೆ ಆ ಐದು ನಿಮಿಷವನ್ನು ಹತ್ತು ವರ್ಷ ಮೆಲುಕು ಹಾಕಿದ. ಮೆಲುಕು ಹಾಕಿದ ಹಸು ಹಾಲನ್ನಾದರೂ ಕೊಡುತ್ತದೆ. ಇವನು ಕೊಟ್ಟದ್ದು ಒಂದು ನಿಯಮ: ಹೋದರೆ ಮೊದಲ ಬಸ್ಸಿಗೆ, ಇಲ್ಲವಾದರೆ ಹೋಗುವುದೇ ಇಲ್ಲ.

ನಾನು ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ಶಿಸ್ತು ನನಗೆ ಗೊತ್ತು. ಇದು ಶಿಸ್ತಲ್ಲ, ಇಸ್ತ್ರಿ ಹಾಕಿದ ಹೆದರಿಕೆ.

ಹೋದ ವರ್ಷ ತಂಗಿ ಹಾಸಿಗೆ ಹಿಡಿದಳು, ಅಣ್ಣನನ್ನು ನೋಡಬೇಕೆಂದು ಹೇಳಿಕಳಿಸಿದಳು. ಅವನು ಹೊರಟ ದಿನವೇ ಆರರ ಬಸ್ಸು ಕೆಟ್ಟು ನಿಂತಿತು. ಬೆಳಗಿನ ನಡಿಗೆಯಲ್ಲಿದ್ದ ನಾನು ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಂಡೆ.

"ಏಳಕ್ಕೆ ಇನ್ನೊಂದು ಬರ್ತದೆ, ಅದನ್ನ ಹತ್ಕೋ."

"ಮೊದಲ್ನೇದು ತಪ್ತು ಅಂದ್ರೆ ಮುಗೀತು ಕಣೇಳಿ ಮೇಷ್ಟ್ರೇ. ಅವತ್ತೂ ಇಂಗೇ ಆಗಿದ್ದು."

"ಅವತ್ತು ರಾತ್ರಿ ಕಣಯ್ಯ. ಗೇಟು ಹಾಕೋಕೆ ಇನ್ನೂ ಹದಿನಾಲ್ಕು ಗಂಟೆ ಅದೆ. ಅಷ್ಟರಲ್ಲಿ ನಡೆದೇ ಹೋಗಬಹುದು, ಹುಲಿ ಒಪ್ಪಿದರೆ."

ಅವನು ನಗಲಿಲ್ಲ. "ನೀವೂ ಬನ್ನಿ, ಏಳರ ಬಸ್ಸು ಅತ್ಬುಡ್ತೀನಿ. ಪಕ್ಕದಲ್ ಕುಂತ್ರೆ ಸಾಕು."

"ಎಂಟಕ್ಕೆ ನನ್ನ ತಿಂಡಿ" ಎಂದೆ. ಮನೆಗೆ ಬಂದೆ. ಎಂಟಕ್ಕೆ ತಿಂದೆ.

ಅವನು ಸಂಜೆಯವರೆಗೆ ಅಲ್ಲೇ ಕುಳಿತು, ಬಂದ ಬಸ್ಸುಗಳನ್ನೆಲ್ಲ ಕಳಿಸಿ, ಚೀಲ ಹೊತ್ತು ಮನೆಗೆ ಬಂದ. ಮರುದಿನ ಮೊದಲ ಬಸ್ಸಿಗೆ ಹೋದ. ತಂಗಿ ಆ ನಸುಕಿನಲ್ಲೇ ತೀರಿಕೊಂಡಿದ್ದಳು.

ಅವನು ನನ್ನನ್ನು ದೂರಲಿಲ್ಲ. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ, ಮೊದಲಿನ ಹಾಗೆಯೇ, "ತಿಂಡಿ ಆಯ್ತಾ ಮೇಷ್ಟ್ರೇ?" ಎಂದು ಕೇಳುತ್ತಿದ್ದ. ತೀರಿಕೊಂಡ ದಿನವೂ ಕೇಳಿದ.

ಈಗ ಕೇಳುವವರಿಲ್ಲ. ಎಂಟರ ತಿಂಡಿ ಇನ್ನೂ ತಪ್ಪಿಲ್ಲ. ಗೋಡೆಯತ್ತ ನೋಡುತ್ತಾ ತಿಂದು ತಟ್ಟೆ ಬರಿದಾಗುವಾಗ ಒಂಬತ್ತಾಗಿರುತ್ತದೆ.