ತನ್ನ ಮದುವೆಗೆ ಬಾರದ ಮೂಡಲಗಿರಿಯಪ್ಪ

ಮಧುಗಿರಿಯಲ್ಲಿ ನನ್ನ ಪಿಂಚಣಿ ಬರುವ ಬ್ಯಾಂಕಿನ ಬಾಗಿಲಲ್ಲಿ ಮೂಡಲಗಿರಿಯಪ್ಪ ಹದಿನೇಳು ವರ್ಷ ಬಂದೂಕು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಒಂದು ಸ್ಟೂಲು ಇರುತ್ತಿತ್ತು. ಅವರು ಅದರ ಮೇಲೆ ಕೂತದ್ದನ್ನು ನಾನು ಕಂಡಿಲ್ಲ. ತಿಂಗಳಿಗೊಮ್ಮೆ ಹೋದಾಗ ಅವರು ನಮಸ್ಕರಿಸುತ್ತಿದ್ದರು, ನಾನು ತಲೆಯಾಡಿಸಿ ಒಳಗೆ ಹೋಗುತ್ತಿದ್ದೆ. ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಪಾಠ ಹೇಳಿದ್ದರೂ ಆ ಮನುಷ್ಯ ಎಲ್ಲಿಂದ ಬಂದವರು, ಏನು ಕಂಡವರು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕಾಗಿತ್ತು.

ಅವರು ದೊಡ್ಡೇರಿ ಹೋಬಳಿಯ ಒಂದು ಹಳ್ಳಿಯವರು. ಕುರಿ ಸಾಕುವ ಮನೆತನ. ಇಪ್ಪತ್ತನೆಯ ವಯಸ್ಸಿನಲ್ಲಿ ಸೈನ್ಯದ ಭರ್ತಿಗೆ ಹೋದಾಗ, ಊರಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಅಧಿಕಾರಿ ಕೇಳಿದರಂತೆ. ಇವರು ಕುರಿ ಮೇಯಿಸುತ್ತಿದ್ದೆ ಎಂದು ಇದ್ದದ್ದನ್ನು ಹೇಳಿದರು. ಪ್ರಾಣಿಗಳ ಪರಿಚಯವಿದ್ದವನು ಎಂದು ಅವರನ್ನು ಹೇಸರಗತ್ತೆಗಳ ದಳಕ್ಕೆ ಹಾಕಿದರು. ರಸ್ತೆಯಿಲ್ಲದ ಕಡೆ ಗಡಿ ಕಾಯುವ ಠಾಣೆಗಳಿಗೆ ಅಕ್ಕಿ, ಸೀಮೆಎಣ್ಣೆ, ಗುಂಡು, ಕಾಗದ ಎಲ್ಲವೂ ಆ ಪ್ರಾಣಿಗಳ ಬೆನ್ನ ಮೇಲೆ ಹೋಗಬೇಕು. ಒಬ್ಬ ಸಿಪಾಯಿಗೆ ಒಂದು ಹೇಸರಗತ್ತೆ. ಇಪ್ಪತ್ತು ವರ್ಷಗಳಲ್ಲಿ ಹೆಚ್ಚು ಭಾಗವನ್ನು ಅವರು ಕಾಶ್ಮೀರದ ಗಡಿಯ ಕಣಿವೆಗಳಲ್ಲಿ ಕಳೆದರು. ಮಧುಗಿರಿ ಬೆಟ್ಟದ ಮೇಲೆ ಇನ್ನೊಂದು ಮಧುಗಿರಿ ಬೆಟ್ಟವನ್ನಿಟ್ಟು, ಅದರ ಮೇಲೆ ಅರ್ಧ ಬೆಟ್ಟ ಏರಿಸಿದರೆ ಎಷ್ಟು ಎತ್ತರವೋ ಅಷ್ಟು ಎತ್ತರದ ದಾರಿಗಳು. ಜಾಲಿ ಮುಳ್ಳು, ಕಡಲೆಕಾಯಿ ಹೊಲ ಬಿಟ್ಟು ಬೇರೆ ನೆಲವನ್ನೇ ಕಾಣದ ಹುಡುಗ ಅಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ನಂಬುವುದು ಕಷ್ಟವಾಗುತ್ತದೆ.

ನಂಬದವರು ಇನ್ನೊಬ್ಬರಿದ್ದರು, ಅವರ ಹೆಂಡತಿ ಓಬಳಮ್ಮ.

ಓಬಳಮ್ಮ ಸಿರಾ ತಾಲ್ಲೂಕಿನ ಮದಲೂರಿನವರು. ಮೂವತ್ತಾರು ವರ್ಷದ ಹಿಂದೆ, ಒಂದು ಫಾಲ್ಗುಣದಲ್ಲಿ ಮದುವೆ ನಿಶ್ಚಯವಾಗಿತ್ತು. ಹುಡುಗ ಹುಡುಗಿಯ ಫೋಟೋ ಮಾತ್ರ ನೋಡಿದ್ದ. ರಜೆ ಮಂಜೂರಾಗಿದೆ, ಬರುತ್ತೇನೆ ಎಂದು ಕಾಗದ ಬರೆದಿದ್ದ. ಮದುವೆಯ ಹಿಂದಿನ ದಿನ ತಂತಿ ಬಂತು: ಹಿಮ ಬಿದ್ದು ದಾರಿ ಮುಚ್ಚಿದೆ, ಬರುವುದು ತಡವಾಗುತ್ತದೆ. ಅಷ್ಟರಲ್ಲಿ ಮದಲೂರಿನಿಂದ ಹೆಣ್ಣಿನವರ ಲಾರಿ ಬಂದು ಇಳಿದಾಗಿತ್ತು. ಅದೇ ಚಪ್ಪರದಲ್ಲಿ ಇನ್ನೊಂದು ಮದುವೆಯೂ ಇತ್ತು. ಕುಲದ ಹಿರಿಯ ಅಡವಯ್ಯ ಯೋಚಿಸಿ ಒಂದು ತೀರ್ಮಾನ ಕೊಟ್ಟರು. ಅವರ ಮನೆಗಳಲ್ಲಿ ತಾಳಿಯ ಮೊದಲ ಗಂಟನ್ನು ಗಂಡು ಹಾಕಿದ ಮೇಲೆ ಉಳಿದ ಎರಡನ್ನು ಗಂಡಿನ ಅಕ್ಕ ಹಾಕುವುದು ವಾಡಿಕೆ. ಎರಡು ಹಾಕುವವಳು ಮೂರನ್ನೂ ಹಾಕಲಿ, ಮುಹೂರ್ತ ಮೀರುವುದು ಬೇಡ ಎಂದರು. ಮೂಡಲಗಿರಿಯಪ್ಪನವರ ಅಕ್ಕ ರಂಗಕ್ಕ ಮೂರು ಗಂಟನ್ನೂ ಹಾಕಿದರು. ಮದುಮಗ ಹನ್ನೆರಡು ದಿನ ತಡವಾಗಿ ಬಂದ.

ದಳದಲ್ಲಿ ಇದೊಂದು ದೊಡ್ಡ ತಮಾಷೆಯಾಯಿತಂತೆ. ಮದುವೆಯ ತಾರೀಕು ಬರೆಸಲು ಹೋದಾಗ ಸುಬೇದಾರರು, ಆ ದಿನ ನೀನು ಇಲ್ಲೇ ಹಾಜರಿಯಲ್ಲಿದ್ದೆಯಲ್ಲ, ಅಲ್ಲಿ ಮದುವೆಯಾದದ್ದು ಯಾರು ಎಂದು ಕೇಳಿದರು. ನಮ್ಮಕ್ಕ ಎಂದು ಇವರು ಹೇಳಿದರು. ಒಂದು ತಿಂಗಳು ಇಡೀ ಠಾಣೆ ನಕ್ಕಿತು.

ಓಬಳಮ್ಮ ನಗಲಿಲ್ಲ. ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈಗಿಡುವಷ್ಟರಲ್ಲಿ ಆಕೆ ಕತೆ ಶುರು ಮಾಡುತ್ತಿದ್ದರು.

“ನಂಗೆ ತಾಳಿ ಕಟ್ಟಿದ್ದು ನಮ್ಮತ್ತಿಗೆ ಕಣಮ್ಮ. ಈವಯ್ಯ ಆಮೇಲೆ ಬಂದು ಸೇರ್ಕಂಡ.”

ಹಿಮ ಎಂದು ಯಾರಾದರೂ ಸಮಾಧಾನ ಹೇಳಲು ಹೋದರೆ ಆಕೆಯ ಬಳಿ ಉತ್ತರವಿತ್ತು. “ಆಲಿಕಲ್ಲು ನಾನೂ ಕಂಡಿದೀನಿ. ಸೆರಗಿಗೆ ತುಂಬ್ಕಳಾದ್ರೊಳಗೆ ನೀರಾಗೋಗ್ತೈತೆ. ನಮ್ಮ ಮದಲೂರು ಕೆರೆ ಕೋಡಿ ಬಿದ್ದಾಗ ಬಸುರೇರು ದಾಟಿದಾರೆ. ಇವನ್ನ ಆಲಿಕಲ್ಲು ಹಿಡ್ಕಂತಂತೆ.”

ಕೇಳಿದವರಿಗೆ ಇದು ಹಾಸ್ಯ. ಅದರೊಳಗೊಂದು ಮುಳ್ಳು ಇದೆಯೆಂದು ನನಗೆ ತಿಳಿಸಿದವಳು ಅವರ ಮಗಳು ಶೃತಿ. ಆಕೆ ನನ್ನ ವಿದ್ಯಾರ್ಥಿನಿ, ಈಗ ಕೊರಟಗೆರೆಯಲ್ಲಿ ಹೈಸ್ಕೂಲು ಉಪಾಧ್ಯಾಯಿನಿ. ಮದುವೆಯ ದಿನ ಮದಲೂರಿನವರು ಚಪ್ಪರದ ಕೆಳಗೇ ಮಾತಾಡಿಕೊಂಡರಂತೆ: ಫೋಟೋ ನೋಡಿ ಹುಡುಗನಿಗೆ ಹುಡುಗಿ ಒಪ್ಪಿಗೆಯಾಗಿಲ್ಲ, ಬಾರದಿರಲು ಹಿಮದ ನೆವ ಹೇಳಿದ್ದಾನೆ. ಹತ್ತೊಂಬತ್ತು ವರ್ಷದ ಹುಡುಗಿ ಅದನ್ನು ಕೇಳಿಸಿಕೊಂಡಳು. ಮೂವತ್ತಾರು ವರ್ಷ ಆಕೆ ಗಂಡನಿಗೆ ಅಡುಗೆ ಮಾಡಿಹಾಕಿದರು, ಮಗಳನ್ನು ಹೆತ್ತರು, ಹೊಲ ನೋಡಿಕೊಂಡರು. ಆ ಮಾತು ಮಾತ್ರ ಬಿದ್ದಲ್ಲೇ ಇತ್ತು. ಮೂಡಲಗಿರಿಯಪ್ಪ ಮೊದಲ ಒಂದೆರಡು ವರ್ಷ ವಿವರಿಸಲು ನೋಡಿದರು, ಆಮೇಲೆ ಬಿಟ್ಟರು.

ಕಳೆದ ಜನವರಿಯಲ್ಲಿ ಶೃತಿ ಫೋನಿನಲ್ಲಿ ಒಂದು ಜಾಹೀರಾತು ಕಂಡಳು. ಬೆಂಗಳೂರಿನ ಹೊರಗಿನ ಒಂದು ದೊಡ್ಡ ಮನರಂಜನಾ ಪಾರ್ಕಿನಲ್ಲಿ ಮಾಜಿ ಸೈನಿಕರಿಗೆ ಆ ತಿಂಗಳು ಪ್ರವೇಶ ಶುಲ್ಕ ಅರ್ಧ. ಕಾರ್ಡು ಇದ್ದವರ ಜೊತೆ ಮೂವರಿಗೂ ಅದೇ ರಿಯಾಯಿತಿ. ಶೃತಿಯ ಗಂಡನಿಗೆ ರಜೆಯಿರಲಿಲ್ಲ. ನಾಲ್ಕನೆಯವರಾಗಿ ನೀವು ಬನ್ನಿ ಎಂದು ನನ್ನನ್ನು ಕರೆದಳು. ಎಪ್ಪತ್ತನಾಲ್ಕರಲ್ಲಿ ಜಾರುಬಂಡಿ ನೋಡಲು ಹೋಗುವುದೆಂಥದು ಎಂದೆ. ಒಂದು ದಿನ ಅಮ್ಮನ ಜೊತೆ ಮಾತಾಡಲು ಯಾರಾದರೂ ಬೇಕು ಎಂದಳು. ಅದು ಒಪ್ಪಬಹುದಾದ ಕಾರಣ.

ತೊಡಕು ಬಂದದ್ದು ಮೂಡಲಗಿರಿಯಪ್ಪನವರಿಂದ. ಅವರ ದಳದಲ್ಲೇ ಇದ್ದ ದೊಡ್ಡಹನುಮಯ್ಯ ಕಾರ್ಡು ತೋರಿಸಿ, ವಿಮಾನದ ಟಿಕೆಟ್ಟಿನಲ್ಲಿ ರಿಯಾಯಿತಿ ಪಡೆದು, ಹೆಂಡತಿಯೊಡನೆ ಕಾಶಿಗೆ ಹೋಗಿಬಂದಿದ್ದರು. ಇವರು ಮಾತ್ರ ಆಸ್ಪತ್ರೆ ಬಿಟ್ಟು ಬೇರೆಲ್ಲೂ ಅದನ್ನು ಪೆಟ್ಟಿಗೆಯಿಂದ ತೆಗೆದವರಲ್ಲ. ಆ ಸೌಲಭ್ಯವೆಲ್ಲ ಯುದ್ಧ ಮಾಡಿದವರಿಗೆ ಎಂಬುದು ಅವರ ತೀರ್ಮಾನ.

“ನಾನು ಹೇಸರಗತ್ತೆ ಹೊಡ್ದೋನು ಕಣವ್ವ, ಗುಂಡು ಹೊಡ್ದೋನಲ್ಲ,” ಎಂದರು ಮಗಳಿಗೆ.

ಅಷ್ಟರಲ್ಲಿ ಶೃತಿ ತಾಯಿಗೆ ಪಾರ್ಕಿನ ಚಿತ್ರಗಳನ್ನು ತೋರಿಸುತ್ತ, ಅಲ್ಲಿ ಒಂದು ಹಿಮದ ಕೋಣೆಯೂ ಇದೆ ಎಂದಳು. ಓಬಳಮ್ಮ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

“ಹಿಮಾನಾ? ಅಂಗಾದ್ರೆ ನಡೀರಿ. ಅದು ಗಂಡಸ್ನ ಹೆಂಗೆ ತಡೀತೈತೋ ನೋಡೇ ಬುಡಾನ.”

ಮೂಡಲಗಿರಿಯಪ್ಪ ಆಮೇಲೆ ಬೇಡವೆನ್ನಲಿಲ್ಲ. ಎದ್ದು ಹೋಗಿ ಕಾರ್ಡು ತೆಗೆದರು.

ಮಧುಗಿರಿಯಿಂದ ಮೊದಲ ಬಸ್ಸು ಹಿಡಿದೆವು. ಕೊರಟಗೆರೆಯಲ್ಲಿ ಶೃತಿ ಹತ್ತಿ ತಾಯಿಯ ಪಕ್ಕ ಕೂತಳು, ಮೂಡಲಗಿರಿಯಪ್ಪ ನನ್ನ ಪಕ್ಕಕ್ಕೆ ಬಂದರು. ಬಸ್ಸು ತುಮಕೂರು ದಾಟಿತು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

“ಮೇಡಂ, ಆ ಕೋಣೇಲಿ ಎಷ್ಟು ಹಿಮ ಇರ್ತದೆ?”

ಚಿತ್ರದಲ್ಲಿ ಕಂಡಂತೆ ಪಾದ ಮುಳುಗುವಷ್ಟು ಎಂದೆ. ಅವರು ಪಾದ ಮುಳುಗುವಷ್ಟು ಎಂದು ನನ್ನ ಮಾತನ್ನೇ ಇನ್ನೊಮ್ಮೆ ಹೇಳಿಕೊಂಡು ಕಿಟಕಿಯ ಕಡೆ ತಿರುಗಿದರು. ಅವರ ಅಂಜಿಕೆ ಆಗ ನನಗೆ ತಿಳಿಯಿತು. ಹೆಂಡತಿಗೆ ಹಿಮ ತೋರಿಸಲು ಅವರಿಗೆ ಸಿಗುವುದು ಈ ಒಂದೇ ಅವಕಾಶ. ಆ ಹಿಮ ಒಂದು ಬಾಣಲೆ ತುಂಬುವಷ್ಟೇ ಇದ್ದರೆ ಮದಲೂರಿನವರು ಆಡಿದ್ದೇ ನಿಜವೆಂದು ಕೊನೆಯವರೆಗೂ ನಿಂತುಬಿಡುತ್ತದೆ.

ಟಿಕೆಟ್ ಕೌಂಟರಿನಲ್ಲಿ ಅವರು ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಹುಡುಗಿ ಅದನ್ನು ತಿರುಗಿಸಿ ನೋಡಿ ನಾಲ್ಕು ಚೀಟಿ ಹರಿದು ಕೊಟ್ಟಳು. ಹಿಮದ ಕೋಣೆಗೆ ಸರತಿ. ಒಂದು ಗುಂಪಿಗೆ ಇಪ್ಪತ್ತು ನಿಮಿಷ. ಬಾಗಿಲಲ್ಲಿ ದಪ್ಪ ಕೋಟು, ರಬ್ಬರ್ ಬೂಟು ಕೊಡುತ್ತಾರೆ. ಓಬಳಮ್ಮ ತಮ್ಮ ಮನೆಯ ಕರಿ ಕಂಬಳಿ ತಂದಿದ್ದರು. ಯಾರ್ಯಾರೋ ಹಾಕಿ ಬಿಟ್ಟ ಕೋಟು ತನಗೆ ಬೇಡ, ತನ್ನ ಕುರಿಯ ಉಣ್ಣೆ ತನಗೆ ಸಾಕು ಎಂದು ವಾದಿಸಿದರು. ಕೊನೆಗೆ ಕಂಬಳಿಯ ಮೇಲೆ ಕೋಟು ಹಾಕಿಕೊಂಡು ಒಳಗೆ ನಡೆದರು.

ಕೋಣೆ ಒಂದು ಕಲ್ಯಾಣ ಮಂಟಪದ ಊಟದ ಮನೆಯಷ್ಟಿತ್ತು. ನೀಲಿ ದೀಪ, ಕಿವಿಗೆ ಹೊಡೆಯುವ ಸಂಗೀತ, ಮೂಲೆಯಲ್ಲಿ ಗಾರೆಯ ಕರಡಿ. ಹುಡುಗರು ಹಿಮದ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆಯುತ್ತಿದ್ದರು. ನೆಲದ ಮೇಲೆ ಪಾದ ಮುಳುಗುವಷ್ಟು ಹಿಮ. ಒಂದು ಕಡೆ ಜಾರಲೆಂದು ಎರಡಾಳೆತ್ತರದ ದಿಬ್ಬ. ಓಬಳಮ್ಮ ಬಗ್ಗಿ ಒಂದು ಹಿಡಿ ತೆಗೆದರು, ಬೆರಳ ನಡುವೆ ತಿಕ್ಕಿದರು, ಬಿಟ್ಟರು. ಗೋಡೆಯಿಂದ ಗೋಡೆಗೆ ಕಣ್ಣು ಹಾಯಿಸಿದರು.

“ಇಷ್ಟೇನಾ?”

ಮೂಡಲಗಿರಿಯಪ್ಪ ಬೂಟಿನ ತುದಿಯಿಂದ ಹಿಮವನ್ನು ಕೆದಕಿದರು. ಅವರ ಮುಖ ನೋಡುವುದು ನನಗೆ ಕಷ್ಟವಾಯಿತು.

ಓಬಳಮ್ಮ ಅಲ್ಲಿಗೆ ನಿಲ್ಲಿಸುವವರಲ್ಲ. ಈ ದಿಬ್ಬ ಹತ್ತಿ ಇಳಿಯುತ್ತೇನೆ, ನೋಡಿ ಎಂದು ಹೊರಟರು. ನಾಲ್ಕನೆಯ ಹೆಜ್ಜೆಗೆ ಜಾರಿದರು. ಎದ್ದು ಇನ್ನೆರಡು ಹೆಜ್ಜೆ ಇಟ್ಟು ಮತ್ತೆ ಜಾರಿ, ಮಂಡಿಯೂರಿ, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲದೆ ನಿಂತರು. ಶೃತಿ ಕೈಕೊಡಲು ಹೋಗಿ ತಾನೂ ಬಿದ್ದಳು.

ಆಗ ಮೂಡಲಗಿರಿಯಪ್ಪ ಮುಂದೆ ಹೋದರು. ಮುಂದಿನದನ್ನು ನಾನು ಕಣ್ಣಾರೆ ಕಂಡದ್ದರಿಂದಲೇ ಬರೆಯುತ್ತಿದ್ದೇನೆ. ಆ ಮನುಷ್ಯನ ನಡಿಗೆಯೇ ಬದಲಾಯಿತು. ದಿಬ್ಬಕ್ಕೆ ಅಡ್ಡವಾಗಿ ತಿರುಗಿ, ಬೂಟಿನ ಅಂಚಿನಿಂದ ಹಿಮವನ್ನು ಒದ್ದು ಒಂದು ಮೆಟ್ಟಿಲು ಕೊರೆದರು. ಅದನ್ನು ಎರಡು ಸಲ ತುಳಿದು ಗಟ್ಟಿಮಾಡಿ ಅದರ ಮೇಲೆ ಭಾರ ಬಿಟ್ಟರು. ಆಮೇಲೆ ಮುಂದಿನದು. ಗೇಣಿನಷ್ಟು ಸಣ್ಣ ಹೆಜ್ಜೆ, ಒಂದರಂತೆ ಇನ್ನೊಂದು, ಅವಸರವಿಲ್ಲ, ತಡೆಯೂ ಇಲ್ಲ. ಅರವತ್ತೊಂದು ವರ್ಷದ, ಮಂಡಿನೋವಿನ ಮನುಷ್ಯ ನೆಲದ ಮೇಲೆ ನಡೆಯುವುದಕ್ಕಿಂತ ಸಲೀಸಾಗಿ ಆ ಜಾರಿನ ಮೇಲೆ ನಡೆದರು. ಓಬಳಮ್ಮನ ಮುಂದೆ ಬಂದು ಬಲಗೈಯನ್ನು ಬೆನ್ನ ಹಿಂದೆ ಚಾಚಿದರು. ಮುಷ್ಟಿ ಮುಚ್ಚಿತ್ತು. ಒಳಗೆ ಏನೂ ಇರಲಿಲ್ಲ. ಇಪ್ಪತ್ತು ವರ್ಷ ಹಗ್ಗ ಹಿಡಿದ ಮುಷ್ಟಿ ಅದು. ಓಬಳಮ್ಮ ಅದನ್ನು ಎರಡು ಕೈಯಿಂದ ಹಿಡಿದುಕೊಂಡರು. ಮೂಡಲಗಿರಿಯಪ್ಪ ಹಿಂದಕ್ಕೆ ತಿರುಗದೆ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಎರಡು ಸಲ ಲೊಚಗುಟ್ಟಿ ನಡೆಯತೊಡಗಿದರು.

“ಅದೇನದು? ನಾನೇನು ಹೇಸರಗತ್ತೆನಾ? ಈ ಕಡೆ ತಿರುಗಿ ಮಾತಾಡು.”

“ತಿರುಗ್ಬಾರ್ದು. ಹಿಂದಕ್ಕೆ ನೋಡಿದ್ರೆ ಅದು ನಿಂತ್ಬುಡ್ತದೆ. ನಿಂತ್ರೆ ಕಾಲು ಹೂತ್ಕಂತದೆ. ನಾನಿಟ್ಟ ಕಡೆ ಇಡು, ಬೇರೆ ಕಡೆ ಇಡ್ಬೇಡ.”

ಆ ಮಾತನ್ನು ಅವರು ಯೋಚಿಸಿ ಆಡಲಿಲ್ಲ. ಯಾರಿಗೆ ಹೇಳುತ್ತಿದ್ದೇನೆಂಬುದೂ ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ನಾನು ದಾಖಲೆಗಳನ್ನು ನಂಬಿ ಬದುಕಿದವಳು. ಯಾವ ದಾಖಲೆಯೂ ಆ ನಡಿಗೆಯಷ್ಟು ಸ್ಪಷ್ಟವಾಗಿ ಒಂದು ಮಾತನ್ನು ಹೇಳಿದ್ದು ನನ್ನ ಅನುಭವದಲ್ಲಿಲ್ಲ. ಅಂಥ ನಡಿಗೆಯನ್ನು ನೆವ ಹೇಳುವವನು ಕಲಿಯಲಾರ. ಮುಂದೆ ನೆಲವಿದೆಯೋ ಇಲ್ಲವೋ ಗೊತ್ತಿಲ್ಲದೆ ಸಾವಿರಾರು ಸಲ ಕಾಲಿಟ್ಟವನಿಗೆ ಮಾತ್ರ ಅದು ಬರುತ್ತದೆ.

ಓಬಳಮ್ಮನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಕುರಿಯ ಹೆಜ್ಜೆ ನೋಡಿ ಅದು ಯಾವ ಹೊಲದಿಂದ ಬಂತೆಂದು ಹೇಳುವ ಹೆಣ್ಣು. ಆಕೆ ತಲೆ ತಗ್ಗಿಸಿ, ಗಂಡ ಕೊರೆದ ಒಂದೊಂದೇ ಮೆಟ್ಟಿಲ ಮೇಲೆ ಕಾಲಿಡುತ್ತ ಏರಿದರು. ದಿಬ್ಬದ ತುದಿಯಲ್ಲಿ ಇಬ್ಬರೂ ನಿಂತಾಗ ಸಂಗೀತ ನಿಂತಿತ್ತು. ಇನ್ನೈದು ನಿಮಿಷ ಉಳಿದಿದೆ ಎಂದು ಮೈಕಿನಲ್ಲಿ ಹೇಳಿದರು. ಕೆಳಗೆ ನಿಂತ ನನಗೆ ಅವರ ಮಾತು ಚೆನ್ನಾಗಿ ಕೇಳಿಸಿತು.

“ಅಲ್ಲಿ ಎಷ್ಟಿತ್ತು?”

“ಮೂರು ಸಲ ಹೊಂಟೆ. ಮೊದಲ್ನೇ ಸಲ ಸೊಂಟಕ್ಕೆ ಬಂತು. ಎರಡ್ನೇ ಸಲ ಎದೆಗೆ. ಮೂರ್ನೇ ಸಲ ನನ್ನ ಮುಂದಿದ್ದ ಹೇಸರಗತ್ತೆ ಕಾಣ್ಲಿಲ್ಲ.”

“ಕಾಣ್ಲಿಲ್ಲ ಅಂದ್ರೆ?”

“ಇತ್ತು. ಆಮೇಲೆ ಇರ್ಲಿಲ್ಲ.”

ಓಬಳಮ್ಮ ಗಂಡನ ಕಡೆ ತಿರುಗಿದರು. ಮತ್ತೆ ಕೇಳಿದರು.

“ಮದ್ವೆ ದಿನ ಎಲ್ಲಿದ್ದೆ?”

“ಅದನ್ನ ಅಗೀತಿದ್ದೆ.”

“ಸಿಕ್ತಾ?”

“ಬ್ಯಾಸಗೇಲಿ ಸಿಕ್ತು.”

ಆಕೆ ಅಳಲಿಲ್ಲ, ಗಂಡನ ಕೈ ಹಿಡಿದದ್ದನ್ನು ಬಿಡಲೂ ಇಲ್ಲ. ನಾಲ್ಕೈದು ಮಾರುದ್ದದ ಆ ದಿಬ್ಬವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅದರ ಮೇಲೆ ಗಂಡ ಕೊರೆದ ಮೆಟ್ಟಿಲುಗಳು ನೂಲು ಹಿಡಿದಂತೆ ಒಂದೇ ಸಾಲಿನಲ್ಲಿದ್ದವು.

“ನಿಂಗೆ ಬರಾಕಾಗ್ತಿರ್ಲಿಲ್ಲ,” ಎಂದರು.

“ಇಲ್ಲ,” ಎಂದರು ಮೂಡಲಗಿರಿಯಪ್ಪ.

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಶೃತಿಗೆ ನೀರಿನ ಜಾರುಬಂಡಿ, ತಿರುಗುವ ತೊಟ್ಟಿಲು ಎಲ್ಲವನ್ನೂ ತಾಯಿಗೆ ತೋರಿಸುವ ಆಸೆಯಿತ್ತು. ಅವೆಲ್ಲಕ್ಕೂ ನಾವು ತೆಗೆದುಕೊಂಡ ಚೀಟಿಯೇ ಸಾಕಾಗಿತ್ತು. ಓಬಳಮ್ಮ ಯಾವುದನ್ನೂ ನೋಡಲು ಒಪ್ಪಲಿಲ್ಲ. ಒಂದು ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಗಂಡನನ್ನು ಕೂರಿಸಿ, ಎದುರಿಗೆ ತಾವು ನೆಲದ ಮೇಲೆ ಕೂತು, ಮೊದಲ ದಿನದಿಂದ ಹೇಳು ಎಂದರು. ಮೊದಲ ದಿನ ಅಂದರೆ ರಜೆ ಮಂಜೂರಾದ ದಿನವೋ ಎಂದು ಅವರು ಕೇಳಿದರು. ಅಲ್ಲ, ರೈಲು ಹತ್ತಿ ಹೋದೆಯಲ್ಲ, ಆ ದಿನ ಎಂದರು ಆಕೆ.

ಬ್ಯಾಂಕಿನ ಬಾಗಿಲಲ್ಲಿ ಹದಿನೇಳು ವರ್ಷದಲ್ಲಿ ಹತ್ತು ವಾಕ್ಯ ಆಡಿರದ ಮನುಷ್ಯ ಸಂಜೆ ಐದರವರೆಗೆ ಮಾತಾಡಿದರು. ಹಗ್ಗ ಹೆಪ್ಪುಗಟ್ಟಿ ಕೋಲಾಗುವುದು, ಹೇಸರಗತ್ತೆಯ ಉಸಿರು ಅದರ ಮೂತಿಯ ಕೂದಲ ಮೇಲೆ ಮಂಜಾಗಿ ಕೂರುವುದು, ಅಲ್ಲಿ ಬೆಳದಿಂಗಳಿದ್ದರೆ ದೀಪವಿಲ್ಲದೆ ಕಾಗದ ಓದಬಹುದಾದದ್ದು, ತಾವು ಆ ಬೆಳಕಿನಲ್ಲಿ ಒಂದು ಫೋಟೋ ನೋಡುತ್ತಿದ್ದದ್ದು. ಮೂವತ್ತಾರು ವರ್ಷ ಗಂಡನ ಪ್ರತಿ ಮಾತಿಗೂ ಎದುರು ಮಾತು ಇಟ್ಟುಕೊಂಡಿದ್ದ ಓಬಳಮ್ಮ ನಡುವೆ ಬಾಯಿ ತೆರೆಯಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಶೃತಿ ಎರಡು ಸಲ ಎಬ್ಬಿಸಲು ಬಂದಳು. ಎರಡು ಸಲವೂ ಆಕೆ ಕೈಯೆತ್ತಿ ಮಗಳನ್ನು ಸುಮ್ಮನಿರಿಸಿದರು.