ಹಿತ್ತಲಿನಿಂದ ಕಿತ್ತ ಲಕ್ಕಿ ಗಿಡ

ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿ, ನಿವೃತ್ತಿಯಾದ ಮೇಲೆ ಮೇಡ್ಲೇರಿಯ ಅಣ್ಣನ ಮನೆಗೆ ಬಂದು ಸೇರಿದೆ. ಐದಕ್ಕೆ ಏಳುವುದು, ಐದೂವರೆಗೆ ಹಿತ್ತಲಿಗೆ ಇಳಿಯುವುದು ಇಲ್ಲಿಯೂ ತಪ್ಪಿಲ್ಲ.

ಹೋದ ವರ್ಷ ವೈನಿ, ಎಂದರೆ ಅಣ್ಣನ ಹೆಂಡತಿ, ಮಗಳ ಹೆರಿಗೆಗೆಂದು ಹಾವೇರಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಉಳಿದರು. ಅವರು ಬರುವುದರೊಳಗೆ ಹಿತ್ತಲನ್ನು ಶಿಸ್ತಿಗೆ ತರಬೇಕೆಂದು ಗುದ್ದಲಿ ಹಿಡಿದೆ. ಬಾವಿಯ ಬದಿಯ ಜಾಗಕ್ಕೆ ಗೆರೆ ಹಾಕಿ, ‘ಮೂಲಿಕೆಗಳು’ ಎಂಬ ಫಲಕ ನೆಟ್ಟೆ. ತರಗತಿಯ ನಿಯಮವೇ ಅಲ್ಲಿಯೂ: ಕಾಂಡ ಕಟ್ಟಿಗೆಯಾಗದ ಸಸ್ಯ ಮಾತ್ರ ಮೂಲಿಕೆ. ಕೊತ್ತಂಬರಿ, ಪುದೀನ, ತುಂಬೆ ಉಳಿದವು. ಬಾಳೆಯೂ ಉಳಿಯಿತು, ಎಷ್ಟೆತ್ತರ ಬೆಳೆದರೂ ಅದರಲ್ಲಿ ಕಟ್ಟಿಗೆಯಿಲ್ಲ. ಲಕ್ಕಿಯದು ಗಟ್ಟಿ ಕಾಂಡ. ಬೇರುಸಮೇತ ಕಿತ್ತು ತಿಪ್ಪೆಗೆ ಹಾಕಿದೆ. ಕರಿಬೇವಿನ ಸರದಿ ಮರುದಿನಕ್ಕಿತ್ತು.

ಅಷ್ಟರಲ್ಲಿ ಬಾಣಂತಿ ಬಂದಳು. ಸೊಂಟ ಹಿಡಿದು, ಮಗ್ಗಲು ಹೊರಳಲೂ ಆಗದಷ್ಟು ಮೈನೋವು. ನಮ್ಮ ಮನೆಯಲ್ಲಿ ಬಾಣಂತಿಗೆ ಲಕ್ಕಿ ಎಲೆ ಹಾಕಿ ಕುದಿಸಿದ ನೀರೇ ಎರೆಯಬೇಕು. ವೈನಿ ಹಂಡೆಗೆ ಉರಿ ಹಚ್ಚಿ ಹಿತ್ತಲಿಗೆ ಹೋದರು.

“ಮಾಸ್ತರ, ಲಕ್ಕಿ ಎಲ್ಲಿ ಹೋತ್ರಿ?”

“ಅದು ಮೂಲಿಕೆ ಅಲ್ರಿ ವೈನಿ, ಪೊದಿ. ತಗದ್ಹಾಕೇನಿ.”

“ಮತ್ತ ಬಾಳಿಗಿಡ?”

“ಅದು ಮೂಲಿಕೆ.”

ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಹಂಗಾರ ಬಾಳಿ ಎಲಿ ಕುದಿಸಿ ಎರೀಲೇನ್ರಿ ಆಕಿಗೆ? ನಾಳಿ ಒಗ್ಗರಣಿಗೂ ಅದನ್ನ ಹಾಕ್ತೇನಿ, ಉಣ್ಣಾಕ ಬರ್ರಿ! ಕರಿಬೇವು ಮುಟ್ಟೀರಿ ಮತ್ತ!”

“ಕಾಕಾ, ನಗಿಸಬ್ಯಾಡ್ರಿ,” ಒಳಗಿನಿಂದ ಮಗಳು ಕೂಗಿದಳು, “ನಗಾಕೂ ಸೊಂಟ ಬಿಡವಲ್ದು.”

ನನಗೆ ನಗು ಬರಲಿಲ್ಲ. ತಿಪ್ಪೆಯಲ್ಲಿ ನೋಡಿದರೆ ಎಲೆಗಳೆಲ್ಲ ಸುರುಟಿ ಕಪ್ಪಾಗಿದ್ದವು. ಸೈಕಲ್ ಹತ್ತಿ ಹೊಳೆದಂಡೆಗೆ ಹೊರಟೆ. ಮೂಲಿಕೆ ಎನ್ನಲು ಕಾಂಡ ನೋಡುವುದು ಸಸ್ಯಶಾಸ್ತ್ರ ಮಾತ್ರ, ಅಡುಗೆಗೆ ಘಮ ಸಾಕು, ಮದ್ದಿಗೆ ಗುಣ ಸಾಕು ಎಂದು ಪ್ರತಿವರ್ಷ ನೋಟ್ಸ್ ಬರೆಸಿದವನು ನಾನೇ. ಗುದ್ದಲಿ ಹಿಡಿದಾಗ ಅದು ನೆನಪಾಗಲಿಲ್ಲ.

ದಂಡೆಯ ಮೇಲೆ ಲಕ್ಕಿ ಹುಲುಸಾಗಿತ್ತು. ಒಂದು ಹೊರೆ ಕಟ್ಟಿಕೊಂಡು ಬಂದಾಗ ಹಂಡೆಯ ನೀರು ಮರಳುತ್ತಿತ್ತು. “ಲಗೂ ಕೊಡ್ರಿ,” ಎಂದು ವೈನಿ ಕಸಿದುಕೊಂಡರು. ಎಲೆ ಬಿಡಿಸಿ ಉಳಿದ ಕಡ್ಡಿಗಳನ್ನು ನನ್ನ ಗೆರೆಯೊಳಗೇ ಊರಲು ಹೇಳಿದರು. ಎರಡು ಅಡಿಗೊಂದರಂತೆ ಊರಿದೆ.

ನೀರೆರೆಸಿಕೊಂಡ ಮಗಳು ಸಂಜೆಯವರೆಗೆ ನಿದ್ದೆ ಮಾಡಿದಳು. ಎದ್ದವಳು ಗೋಡೆ ಹಿಡಿಯದೆ ಪಡಸಾಲೆಗೆ ನಡೆದು ಬಂದಳು.

“ನಾಳಿಗೂ ಲಕ್ಕಿ ಎಲಿ ಐತೇನ್ರಿ ಕಾಕಾ?”

“ಹೊಳಿ ದಂಡಿ ತುಂಬ ಐತೆವ್ವಾ,” ಎಂದೆ.